ಬಸಿರಿನ ಬಂಗು ಮತ್ತು ನಮ್ಮ ನಾಲಿಗೆ

ಕಳೆದ ವೈಶಾಖದಲ್ಲಿ ಪುಣೆಯ ನಮ್ಮ ನೆರೆಯ ಕನ್ನಡ ಮನೆಯೊಂದರಲ್ಲಿ ಕುಬಸದ ಸಮಾರಂಭವಿತ್ತು. ಧಾರವಾಡದ ಕಡೆಯ ಮನೆತನ, ಸೊಸೆಗೆ ಮೊದಲ ಬಸಿರು, ಏಳನೆಯ ತಿಂಗಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಮುಡಿತುಂಬ ಮಲ್ಲಿಗೆ. ಎಲ್ಲವೂ ಊರಿನಲ್ಲಿ ನಡೆಯುವಂತೆಯೇ ನಡೆದಿತ್ತು. ಆರತಿ ಬೆಳಗಿದ ಮೇಲೆ ಉಡಿ ತುಂಬಲು ಬಂದ ಹಿರಿಯರೊಬ್ಬರು ಹುಡುಗಿಯ ಗದ್ದವನ್ನು ಹಿಡಿದೆತ್ತಿ, “ಯಾಕವಾ, ಮಾರಿ ಹಿಂಗ್ಯಾಕ ಕರ್ರಗಾಗೇತಿ? ಬಿಸಲಾಗ ಅಡ್ಡಾಡಬ್ಯಾಡ ಅಂತ ಯಾರೂ ಹೇಳಲಿಲ್ಲೇನು?” ಎಂದರು. ಪಕ್ಕದಲ್ಲಿದ್ದವರು, “ಗಂಡು ಕೂಸು ಇರಬೇಕು ಬಿಡ್ರಿ, ಅದಕ್ಕ ತಾಯಿ ಕಳಾ ಹೋಗೇತಿ” ಎಂದರು. ಮತ್ತೊಬ್ಬರು, “ಅಲ್ಲ, ತಾಯಿ ಚೆಲುವು ಕಸಗೊಳ್ಳೋದು ಹೆಣ್ಣು ಕೂಸು” ಎಂದು ತಿದ್ದಿದರು. ನಗೆಯೆದ್ದಿತು. ಛಾಯಾಗ್ರಾಹಕನು ಮರಾಠಿಯಲ್ಲಿ, ಚಿತ್ರಗಳಲ್ಲಿ ಕಲೆಗಳೊಂದೂ ಕಾಣದಂತೆ ಕಂಪ್ಯೂಟರಿನಲ್ಲಿ ಅಳಿಸಿಕೊಡುವೆನೆಂದು ಅಭಯವಿತ್ತನು. ಹುಡುಗಿ ತಲೆ ತಗ್ಗಿಸಿ ನಕ್ಕಳು.

ಊಟವಾದ ಮೇಲೆ ಒಳಕೋಣೆಯಲ್ಲಿ ನಮ್ಮನ್ನು ಕೂರಿಸಿಕೊಂಡು, “ಅಕ್ಕಾ, ಇದು ಹೋಗ್ತದೇನ್ರಿ?” ಎಂದು ಕೇಳಿದಳು. ಎರಡೂ ಕೆನ್ನೆಗಳ ಮೇಲೆ, ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಕಂದುಬಣ್ಣದ ತೆಳುಮೋಡ ಹರಡಿದಂತಿತ್ತು. ನಾವು ಉತ್ತರಿಸುವ ಮೊದಲೇ ಅಲಮಾರಿಯ ಸೀರೆಗಳ ಕೆಳಗಿನಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದು ತೋರಿಸಿದಳು. ಬ್ಯೂಟಿಪಾರ್ಲರೊಂದರಲ್ಲಿ ಕೊಟ್ಟದ್ದು. ಅದರ ಮೇಲೆ ತಯಾರಕರ ಹೆಸರಿಲ್ಲ, ಒಳಗೇನಿದೆಯೆಂಬ ವಿವರವಿಲ್ಲ, ದಿನಾಂಕವಿಲ್ಲ. ಮೊದಲ ಎರಡು ವಾರ ಮುಖ ಕನ್ನಡಿಯಂತೆ ಹೊಳೆದಿತ್ತಂತೆ. ಆಮೇಲೆ ಕೆಂಪಾಯಿತು, ಉರಿಯತೊಡಗಿತು. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚಾಯಿತು. ಅತ್ತೆಗೂ ಗಂಡನಿಗೂ ಹೇಳಿರಲಿಲ್ಲ. ಹೆರಿಗೆ ವೈದ್ಯರಿಗೂ ಹೇಳಿರಲಿಲ್ಲ. ಕೂಸಿಗೇನಾದರೂ ಆದೀತೇ ಎಂಬ ಅಂಜಿಕೆಯನ್ನು ಒಬ್ಬಳೇ ಹೊತ್ತುಕೊಂಡು ಒಂದು ತಿಂಗಳು ಕಳೆದಿದ್ದಳು.

ಮರುದಿನ ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಡಬ್ಬಿಯಲ್ಲಿದ್ದುದು ಬಹುಮಟ್ಟಿಗೆ ಸ್ಟೀರಾಯ್ಡ್ ಬೆರೆತ ಮುಲಾಮೆಂದು ಮುಖದ ಲಕ್ಷಣಗಳಿಂದಲೇ ಅವರು ಹೇಳಿದರು. ಈ ಪ್ರಸಂಗವೇ ಈ ಬರಹಕ್ಕೆ ಕಾರಣ. ಬಸಿರಿನಲ್ಲಿ ಚರ್ಮದ ಬಣ್ಣ ಬದಲಾಗುವುದನ್ನು ತಡೆಯಬಹುದೇ ಎಂಬುದು ವೈದ್ಯಕೀಯದ ಪ್ರಶ್ನೆ. ಅದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಆದರೆ ಓದಿದ, ನೌಕರಿಯಲ್ಲಿರುವ ಹುಡುಗಿಯೊಬ್ಬಳು ಹೆಸರಿಲ್ಲದ ಡಬ್ಬಿಯನ್ನು ಸೀರೆಯ ಕೆಳಗೆ ಬಚ್ಚಿಡುವಂತಾದುದು ಏಕೆ ಎಂಬ ಪ್ರಶ್ನೆಗೆ ವೈದ್ಯರು ಉತ್ತರಿಸಲಾರರು. ಅದು ನಮ್ಮ ನಿಮ್ಮೆಲ್ಲರ ಲೆಕ್ಕಕ್ಕೆ ಸೇರಿದ್ದು.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ಇದಕ್ಕೆ ‘ಬಂಗು’ ಎನ್ನುತ್ತೇವೆ. ನೌಕರಿಯ ನಿಮಿತ್ತ ನಾವು ಊರೂರು ಸುತ್ತಿದವರು. ಹದಿನಾರು ವರ್ಷಗಳ ಹಿಂದೆ ಚೆನ್ನೈಯಲ್ಲಿದ್ದಾಗ ನಮ್ಮ ಮುಖದ ಮೇಲೂ ಇದು ಮೂಡಿತ್ತು. ಎದುರುಮನೆಯ ತಮಿಳು ಅಜ್ಜಿ ನೋಡಿದೊಡನೆ ‘ಮಂಗು’ ಎಂದರು. ಹೈದರಾಬಾದಿಗೆ ವರ್ಗವಾದಾಗ ಔಷಧಿ ಅಂಗಡಿಯವನೂ ‘ಮಂಗು ಮಚ್ಚಲು’ ಎಂದನು. ಪುಣೆಗೆ ಬಂದರೆ ಇಲ್ಲಿ ‘ವಾಂಗ್’. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ‘ವ್ಯಂಗ’ ಎಂಬ ಹೆಸರಿದೆ. ಈ ಎಲ್ಲ ಮಾತುಗಳೂ ಅದರ ನೆಂಟರೇ ಇರಬೇಕೆಂಬುದು ನಮ್ಮ ಊಹೆ. ಸುಶ್ರುತಸಂಹಿತೆಯು ವ್ಯಂಗವನ್ನು ನೋವಿಲ್ಲದ, ತೆಳುವಾದ, ಕಪ್ಪುಛಾಯೆಯ ಮುಖದ ಮಂಡಲವೆಂದು ವರ್ಣಿಸಿ, ಅದನ್ನು ಕ್ಷುದ್ರರೋಗಗಳ ಸಾಲಿಗೆ ಸೇರಿಸುತ್ತದೆ. ಕ್ಷುದ್ರವೆಂದರೆ ಚಿಕ್ಕದು. ಸಿಟ್ಟು ಮತ್ತು ಆಯಾಸಗಳಿಂದ ಅದು ಹುಟ್ಟುತ್ತದೆಂದೂ ಅಲ್ಲಿ ಹೇಳಿದೆ. ಕಾರಣದ ವಿಷಯದಲ್ಲಿ ಇಂದಿನ ವಿಜ್ಞಾನ ಬೇರೆ ಮಾತನ್ನಾಡುತ್ತದೆ. ಆದರೆ ಇದು ಚಿಕ್ಕ ವ್ಯಾಧಿ, ನೋವಿಲ್ಲದ್ದು ಎಂಬ ತೀರ್ಪಿನಲ್ಲಿ ಪ್ರಾಚೀನರಿಗೂ ಆಧುನಿಕರಿಗೂ ಭಿನ್ನಾಭಿಪ್ರಾಯವಿಲ್ಲ. ಅದನ್ನು ದೊಡ್ಡದು ಮಾಡಿ ನೋವು ತುಂಬುವವರು ಸುತ್ತಲಿನವರು. ಕನ್ನಡದ ‘ವ್ಯಂಗ್ಯ’ಕ್ಕೂ ಈ ‘ವ್ಯಂಗ’ಕ್ಕೂ ಧಾತುವಿನ ಸಂಬಂಧವಿಲ್ಲ, ಆದರೂ ಕುಬಸದ ಮನೆಯಲ್ಲಿ ಕುಳಿತಾಗ ಅವೆರಡೂ ಒಂದೇ ಒಲೆಯಲ್ಲಿ ಬೆಂದವೆಂದು ನಮಗನ್ನಿಸಿತು.

ಪಾಶ್ಚಾತ್ಯರ ಹೆಸರುಗಳೂ ಕಡಿಮೆ ಸ್ವಾರಸ್ಯದವಲ್ಲ. ‘ಮೆಲಾಸ್ಮ’ ಎಂಬುದು ಕಪ್ಪು ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ಬಸಿರಿನಲ್ಲಿ ಬಂದಾಗ ಅದನ್ನೇ ‘ಕ್ಲೋಆಸ್ಮ’ ಎನ್ನುವುದುಂಟು. ಅದರ ಮೂಲದಲ್ಲಿರುವುದು ಹಸಿರು ಬಣ್ಣ. ಆಡುಮಾತಿನ ಇಂಗ್ಲಿಷಿನಲ್ಲಿ ಅದು ‘ಬಸಿರಿನ ಮುಖವಾಡ’. ಮುಖವಾಡವೆಂದರೆ ನಿಜವಾದ ಮುಖವನ್ನು ಮರೆಮಾಡುವ ವಸ್ತು. ಬಂಗು ಯಾರ ಮುಖವನ್ನೂ ಮರೆಮಾಡುವುದಿಲ್ಲ.

ಇನ್ನು ದೇಹದೊಳಗೆ ಏನು ನಡೆಯುತ್ತದೆಂಬುದು. ಚರ್ಮಕ್ಕೆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ಮೆಲನೊಸೈಟ್ ಎಂಬ ಜೀವಕೋಶಗಳು ತಯಾರಿಸುತ್ತವೆ. ಬಸಿರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟಿರಾನ್ ಮತ್ತು ಈ ಕೋಶಗಳನ್ನು ಪ್ರಚೋದಿಸುವ ಇನ್ನೊಂದು ಹಾರ್ಮೋನು ರಕ್ತದಲ್ಲಿ ಹೆಚ್ಚುತ್ತವೆ. ಕೋಶಗಳು ಚುರುಕಾಗುತ್ತವೆ. ಹಾಗಾಗಿ ಮೊಲೆತೊಟ್ಟುಗಳು, ಕಂಕುಳು, ತೊಡೆಯ ಸಂದು, ಮೊದಲೇ ಇದ್ದ ಮಚ್ಚೆಗಳು ಇವೆಲ್ಲ ಇನ್ನಷ್ಟು ಕಪ್ಪಾಗುತ್ತವೆ. ಹೊಕ್ಕುಳ ಮೇಲಿನಿಂದ ಕೆಳಕ್ಕೆ ಮೊದಲಿನಿಂದಲೂ ಇರುವ, ಆದರೆ ಕಣ್ಣಿಗೆ ಬೀಳದಿರುವ ಬಿಳಿಗೆರೆಯು ಕಪ್ಪುಗೆರೆಯಾಗಿ ಕಾಣತೊಡಗುತ್ತದೆ. ಒಂದಲ್ಲ ಒಂದು ಬಗೆಯ ಕಪ್ಪಾಗುವಿಕೆಯು ನೂರರಲ್ಲಿ ಸುಮಾರು 90 ಗರ್ಭಿಣಿಯರವರೆಗೂ ಕಾಣುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ನೂರರಲ್ಲಿ ತೊಂಬತ್ತು ಜನರಿಗೆ ಆಗುವುದನ್ನು ವಿಕಾರವೆಂದು ಕರೆಯುವುದು ಹೇಗೆ? ಅದು ಬಸಿರಿನ ಸಹಜ ಗುರುತು, ಹೊಟ್ಟೆ ಮುಂದೆ ಬರುವಂತೆಯೇ.

ಈ ಸಹಜತೆಯನ್ನು ನಮ್ಮ ಹಿಂದಿನ ಕವಿಗಳು ಬಲ್ಲರು. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಬಸಿರಿನ ವರ್ಣನೆಯಿದೆ. ಅವಳ ಮೊಲೆಗಳ ತುದಿ ಕಪ್ಪಾದುದನ್ನು ಕವಿಯು ದುಂಬಿಗಳು ಬಂದು ಕುಳಿತ ತಾವರೆಮೊಗ್ಗುಗಳ ಚೆಲುವಿನೊಡನೆ ಹೋಲಿಸಿ, ಮೊಗ್ಗುಗಳೇ ಸೋತವೆನ್ನುತ್ತಾನೆ. ಕಪ್ಪಾಗುವುದು ಅಲ್ಲಿ ಚೆಲುವಿನ ಕುಂದಲ್ಲ, ಏರಿಕೆ. ಕಾವ್ಯದಲ್ಲಿ ಇದನ್ನು ಓದಿ ತಲೆದೂಗುವ ನಾವೇ, ಎದುರಿಗೆ ಹಸಿರು ಸೀರೆಯುಟ್ಟು ಕುಳಿತ ಸುದಕ್ಷಿಣೆಯ ಗದ್ದವನ್ನು ಹಿಡಿದು ಮುಖವೇಕೆ ಕಪ್ಪಾಯಿತೆಂದು ಕೇಳುತ್ತೇವೆ.

ಆದರೆ ಮುಖದ ಬಂಗಿಗೆ ಹಾರ್ಮೋನೊಂದೇ ಕಾರಣವಲ್ಲ. ವಂಶದ ಗುಣವೊಂದು, ತಾಯಿಗೋ ಅಕ್ಕನಿಗೋ ಬಂದಿದ್ದರೆ ತನಗೂ ಬರುವ ಸಂಭವ ಹೆಚ್ಚು. ಬೆಳಕು ಇನ್ನೊಂದು. ಹಾರ್ಮೋನನ್ನೂ ವಂಶವನ್ನೂ ಬದಲಿಸಲಾಗದು. ಬೆಳಕೊಂದೇ ನಮ್ಮ ಕೈಯಲ್ಲಿರುವುದು. ಬಂಗನ್ನು ತಡೆಯುವುದೆಂಬ ಮಾತಿನ ಅರ್ಥ ಇಷ್ಟೇ: ಮುಖಕ್ಕೆ ಬೀಳುವ ಬೆಳಕನ್ನು ಬಸಿರಿನ ಆರಂಭದಿಂದಲೇ ಕಡಿಮೆ ಮಾಡುವುದು. ಆಗಲೂ ಪೂರ್ತಿ ತಡೆಯಬಹುದೆಂಬ ಭರವಸೆಯಿಲ್ಲ. ಬಂದರೂ ತಿಳಿಯಾಗಿರುತ್ತದೆ, ಬೇಗ ಮಾಸುತ್ತದೆ.

ಇಲ್ಲಿ ಕೆಲವು ವಿವರಗಳನ್ನು ಹೇಳಲೇಬೇಕು. ಅರ್ಧ ತಿಳಿವಳಿಕೆಯಿಂದಲೇ ಹಣ ವ್ಯರ್ಥವಾಗುತ್ತದೆ. ಮೊದಲನೆಯ ರಕ್ಷಣೆ ಕೊಡೆ ಮತ್ತು ನೆರಳು. ಅಗಲ ಅಂಚಿನ ಟೋಪಿಯಾದರೂ ಸರಿ. ಪುಣೆಯ ರಸ್ತೆಗಳಲ್ಲಿ ಸ್ಕೂಟರ್ ಮೇಲೆ ಹೋಗುವ ಹೆಣ್ಣುಮಕ್ಕಳು ಕಣ್ಣಷ್ಟೇ ಕಾಣುವಂತೆ ಓಢಣಿಯನ್ನು ಸುತ್ತಿಕೊಳ್ಳುವುದನ್ನು ನೋಡಿ ಹೊರಗಿನವರು ನಗುವುದುಂಟು. ದಟ್ಟ ನೇಯ್ಗೆಯ ಬಟ್ಟೆಯಾದರೆ ಅದು ಒಳ್ಳೆಯ ರಕ್ಷಣೆಯೇ. ಎರಡನೆಯದು ಸನ್‌ಸ್ಕ್ರೀನ್. ಡಬ್ಬಿಯ ಮೇಲೆ ಎಸ್‌ಪಿಎಫ್ ಎಂದು ಬರೆದ ಅಂಕಿಯು ಮುಖ್ಯವಾಗಿ ಅತಿನೇರಳೆಯ ‘ಬಿ’ ಕಿರಣಗಳನ್ನು ತಡೆಯುವ ಅಳತೆ. ಅದು 30 ಅಥವಾ ಮೇಲಿರಬೇಕು. ‘ಪಿಎ’ ಎಂದು ಬರೆದು ಪಕ್ಕದಲ್ಲಿ ಕೂಡು ಚಿಹ್ನೆಗಳನ್ನು ಹಾಕಿರುವುದು ‘ಎ’ ಕಿರಣಗಳ ಅಳತೆ. ಚಿಹ್ನೆಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಕಿಟಕಿಯ ಸಾಧಾರಣ ಗಾಜು ‘ಬಿ’ ಕಿರಣಗಳನ್ನು ತಡೆದರೂ ‘ಎ’ ಕಿರಣಗಳನ್ನು ಒಳಬಿಡುತ್ತದೆ. ಕಚೇರಿಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿನವಿಡೀ ಕೂರುವವಳು ‘ನಾನು ಬಿಸಿಲಿಗೇ ಹೋಗಿಲ್ಲ, ಆದರೂ ಕಪ್ಪಾದೆ’ ಎನ್ನುವುದರ ಗುಟ್ಟು ಇದೂ ಆಗಿರಬಹುದು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ಅತಿನೇರಳೆ ಕಿರಣಗಳು ಮಾತ್ರವಲ್ಲ, ನಮ್ಮ ಕಣ್ಣಿಗೆ ಕಾಣುವ ಬೆಳಕು ಕೂಡ, ಅದರಲ್ಲೂ ಸೂರ್ಯಪ್ರಕಾಶದ ನೀಲಿ ನೇರಳೆಯ ಭಾಗ, ಕಂದುಚರ್ಮದವರಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಬಿಳಿಯ ಅಥವಾ ಬಣ್ಣವಿಲ್ಲದ ಸನ್‌ಸ್ಕ್ರೀನ್ ಇದನ್ನು ಸರಿಯಾಗಿ ತಡೆಯದು. ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನು ತಡೆಯುತ್ತದೆ. ನಮ್ಮ ಬಣ್ಣದ ಜನರಿಗೆ ಬೇಕಾದದ್ದು ಈ ಕೊನೆಯದು. ಗರ್ಭಿಣಿಯರಿಗೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಖನಿಜ ಬಗೆಯವು ನೆಚ್ಚಿನ ಆಯ್ಕೆಯೆಂದು ವೈದ್ಯರು ಹೇಳುತ್ತಾರೆ. ಅವು ಚರ್ಮದ ಮೇಲೆಯೇ ಉಳಿಯುತ್ತವೆ, ರಕ್ತಕ್ಕೆ ಸೇರುವುದು ತೀರ ಅತ್ಯಲ್ಪ.

ಪ್ರಮಾಣದ ಮಾತೂ ಮುಖ್ಯ. ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು ಲೇಪ ಮುಖ ಮತ್ತು ಕೊರಳಿಗೆ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಎಂದು ಹಿಡಿದು ದಿನಕ್ಕೆ ಎರಡೇ ಬಾರಿ ಹಚ್ಚಿದರೂ 50 ಗ್ರಾಂ ಕೊಳವೆಯು 25 ದಿನಕ್ಕೆ ಮುಗಿಯಬೇಕು. ನಮ್ಮ ಮನೆಗಳಲ್ಲಿ ಅದು ಒಂದು ವರ್ಷ ಬಾಳುತ್ತದೆ. ಕಡಲೆಕಾಳಿನಷ್ಟು ಹಚ್ಚಿಕೊಂಡು ಉಪಯೋಗವಿಲ್ಲವೆನ್ನುತ್ತೇವೆ. ಪ್ರತಿ ತಿಂಗಳು ಒಂದು ಕೊಳವೆಯನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲವೆಂಬುದೂ ನಿಜ. ಸಾಧ್ಯವಿಲ್ಲದವರು ಕೊಡೆಯನ್ನು ನೆಚ್ಚಲಿ. ಅದು ಬಡವರ ಪಾಲಿನ ಎರಡನೆಯ ದರ್ಜೆಯ ಉಪಾಯವಲ್ಲ.

ಮಾಡಬೇಕಾದ್ದಕ್ಕಿಂತ ಮಾಡಬಾರದ್ದರ ಪಟ್ಟಿ ದೊಡ್ಡದು. ಮನೆಮದ್ದಿನಿಂದ ಪ್ರಾರಂಭಿಸೋಣ. ನಿಂಬೆಹಣ್ಣಿನ ರಸವನ್ನು ಮುಖಕ್ಕೆ ತಿಕ್ಕಿ ಬಿಸಿಲಿಗೆ ಹೋದರೆ ಕಪ್ಪು ಹೋಗುವುದಿರಲಿ, ರಸದಲ್ಲಿರುವ ಕೆಲವು ದ್ರವ್ಯಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಹೊಸ ಕಲೆಯನ್ನೇ ಉಂಟುಮಾಡುತ್ತವೆ. ಒರಟು ಹಿಟ್ಟಿನಿಂದ ಉಜ್ಜುವುದೂ ಹಾಗೆಯೇ. ಕಂದುಚರ್ಮಕ್ಕೆ ಯಾವುದೇ ಕಿರಿಕಿರಿಯಾದರೂ ಅದು ಕಪ್ಪುಗುರುತನ್ನು ಬಿಟ್ಟುಹೋಗುತ್ತದೆ. ಔಷಧಿಗಳ ವಿಷಯಕ್ಕೆ ಬಂದರೆ, ಬಂಗಿಗೆ ಪ್ರಸಿದ್ಧವಾದ ಹೈಡ್ರೊಕ್ವಿನೋನ್ ಲೇಪಿಸಿದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಚರ್ಮದ ಮೂಲಕ ದೇಹದೊಳಗೆ ಸೇರಬಲ್ಲದು. ಬಸಿರಿನಲ್ಲಿ ಅದು ಬೇಡವೆನ್ನುತ್ತಾರೆ. ಟ್ರೆಟಿನಾಯಿನ್ ಮೊದಲಾದ ರೆಟಿನಾಯ್ಡ್‌ಗಳೂ ಬೇಡ. ಅಜೆಲಾಯಿಕ್ ಆಮ್ಲದಂಥ ಕೆಲವನ್ನು ವೈದ್ಯರು ಕೊಡುವುದುಂಟು. ಅದು ಅವರ ನಿರ್ಧಾರ. ಬಹುಪಾಲು ಜನರಿಗೆ ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುವುದರಿಂದ, ಕಾಯುವುದೇ ಉತ್ತಮ ಚಿಕಿತ್ಸೆಯೆಂಬುದು ಬಲ್ಲವರ ಮಾತು. ಕೆಲವರಿಗೆ ಉಳಿದುಬಿಡುತ್ತದೆ, ಆಗ ಹಾಲೂಡಿಸುವ ಕಾಲ ಮುಗಿದ ಮೇಲೆ ಚಿಕಿತ್ಸೆಗೆ ಹಾದಿ ತೆರೆದಿರುತ್ತದೆ.

ಈಗ ಆ ಹೆಸರಿಲ್ಲದ ಡಬ್ಬಿಗೆ ಮರಳೋಣ. 1975ರಲ್ಲಿ ಅಮೆರಿಕದ ವೈದ್ಯರು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡನ್ನು ಸೇರಿಸಿದ ಮಿಶ್ರಣವೊಂದನ್ನು ಪ್ರಕಟಿಸಿದರು. ವೈದ್ಯರ ಕಣ್ಗಾವಲಿನಲ್ಲಿ, ಕೆಲವೇ ವಾರಗಳ ಮಟ್ಟಿಗೆ ಬಳಸಬೇಕಾದ ಮದ್ದು. ಅದೇ ಬಗೆಯ ತ್ರಿವಳಿ ಮುಲಾಮುಗಳು ನಮ್ಮ ದೇಶದಲ್ಲಿ ಬೆಳ್ಳಗಾಗುವ ಕ್ರೀಮುಗಳೆಂಬಂತೆ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಸಿಕ್ಕವು. ಸ್ಟೀರಾಯ್ಡ್ ಮೊದಮೊದಲು ಮುಖವನ್ನು ಹೊಳೆಯಿಸುತ್ತದೆ; ಬಳಿಕ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳನ್ನು ಎದ್ದು ಕಾಣಿಸಿ, ಮೊಡವೆಗಳನ್ನೂ ಬೇಡದ ರೋಮಗಳನ್ನೂ ಬರಿಸಿ, ಬಿಟ್ಟರೆ ಉರಿಯುವಂಥ ಚಟವನ್ನು ಹತ್ತಿಸುತ್ತದೆ. ಇಂಥ ಮುಖಗಳು ಎಷ್ಟು ಹೆಚ್ಚಿದವೆಂದರೆ ಭಾರತದ ಚರ್ಮವೈದ್ಯರು ಆ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಇಟ್ಟು ಆಂದೋಲನ ಹೂಡಬೇಕಾಯಿತು. ಅದರ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮವಿದೆ. ಅದು ಪಾಲನೆಯಾಗುತ್ತಿದೆಯೇ ಎಂಬುದನ್ನು ತಿಳಿಯಲು ನಿಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಬಸಿರಿನಲ್ಲಿ ತೀಕ್ಷ್ಣ ಸ್ಟೀರಾಯ್ಡ್ ಲೇಪಗಳನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿದರೆ ಕೂಸಿನ ತೂಕ ಕಡಿಮೆಯಾಗುವ ಸಂಭವವೂ ಇದೆ.

ಸ್ಟೀರಾಯ್ಡಿಗಿಂತ ಘೋರವಾದದ್ದು ಪಾದರಸ. ಅದು ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ. ಆದ್ದರಿಂದ ಅಗ್ಗದ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಕದ್ದು ಸೇರಿಸುತ್ತಾರೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಯೊಂದು ಹಲವರಲ್ಲಿ ಕಾಣಿಸಿಕೊಂಡು, 2023ರಲ್ಲಿ ಅದರ ಜಾಡು ಹಿಡಿದ ವೈದ್ಯರು ಇಂಥ ಕ್ರೀಮುಗಳನ್ನು ತಲುಪಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಪಾದರಸವು ಮಾಸುವನ್ನು ದಾಟಿ ಹುಟ್ಟದ ಕೂಸಿನ ಮೆದುಳಿಗೆ ಹಾನಿ ಮಾಡಬಲ್ಲದು. ಮೀನಮಾಟ ಒಪ್ಪಂದವು ಇಂಥ ಸೌಂದರ್ಯಸಾಧನಗಳ ತಯಾರಿಕೆ, ಆಮದು, ರಫ್ತುಗಳಿಗೆ 2020ರ ಗಡುವು ವಿಧಿಸಿತ್ತು. ಹೆಸರಿಲ್ಲದ ಡಬ್ಬಿಗೆ ಒಪ್ಪಂದವೂ ಗೊತ್ತಿಲ್ಲ, ಗಡುವೂ ಗೊತ್ತಿಲ್ಲ.

ಬೆಳ್ಳಗಾಗುವ ಆಸೆಯ ವ್ಯಾಪಾರ ಇಂದಿನದಲ್ಲ. ‘ಫೇರ್ ಅಂಡ್ ಲವ್ಲಿ’ ನಮ್ಮ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂದಿತು. ಹೆಸರು ಬದಲಾಯಿತು, ಆಸೆ ಬದಲಾಗಲಿಲ್ಲ. ವಿಚಿತ್ರವೆಂದರೆ ಬಸಿರಿನಲ್ಲಿ ಈ ಆಸೆಗೆ ಎರಡು ಬಾಯಿ ಹುಟ್ಟುತ್ತವೆ. ಒಂದು ತಾಯಿಯ ಮುಖವನ್ನು ಕೇಳುತ್ತದೆ, ಇನ್ನೊಂದು ಹುಟ್ಟಲಿರುವ ಕೂಸಿನ ಮುಖವನ್ನು. ಎರಡನೆಯ ಬಾಯಿಗಾಗಿ ನಾವು ಕೇಸರಿ ಹಾಲನ್ನು ಕುಡಿಸುತ್ತೇವೆ. ಕೇಸರಿ ಹಾಲು ರುಚಿಯಾದ ಪದಾರ್ಥ, ನಾವೂ ಕುಡಿದಿದ್ದೇವೆ. ಆದರೆ ಕೂಸಿನ ಬಣ್ಣ ತಂದೆತಾಯಿಗಳ ವಂಶವಾಹಿಗಳಲ್ಲಿ ಬರೆದಿಟ್ಟದ್ದು; ಲೋಟದಲ್ಲಿ ಅದನ್ನು ಬದಲಿಸುವ ಶಕ್ತಿಯಿಲ್ಲ. ಬಂಗನ್ನು ನೋಡಿ ಕೂಸು ಗಂಡೋ ಹೆಣ್ಣೋ ಎಂದು ಹೇಳುವುದೂ ಅಷ್ಟೇ. ಗರ್ಭದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದ ದೇಶದಲ್ಲಿ, ತಾಯಿಯ ಕೆನ್ನೆಯನ್ನೇ ಪತ್ತೆಯ ಯಂತ್ರವನ್ನಾಗಿ ಮಾಡಿಕೊಂಡು ನಗುವುದು ನಿರಪಾಯದ ವಿನೋದವೆಂದು ನಮಗೆ ತೋರುವುದಿಲ್ಲ. ‘ತಾಯಿಯ ಚೆಲುವನ್ನು ಕಸಿಯುವವಳು ಹೆಣ್ಣು’ ಎಂಬ ಮಾತನ್ನು ಹೊಟ್ಟೆಯೊಳಗಿನ ಹೆಣ್ಣು ಕೇಳದಿರಬಹುದು, ಹೊರುತ್ತಿರುವ ಹೆಣ್ಣು ಕೇಳುತ್ತಾಳೆ.

ಓದುಗರು ಒಂದು ಆಕ್ಷೇಪವನ್ನೆತ್ತಬಹುದು. ಕಪ್ಪಾಗುವುದು ಸಹಜ, ಅದರಲ್ಲಿ ನಾಚಿಕೆಯಿಲ್ಲ ಎನ್ನುವವರು ಅದನ್ನು ತಡೆಯುವ ಉಪಾಯವನ್ನೇಕೆ ಹೇಳಬೇಕು? ತಡೆಯುವ ಮಾತೇ ಬಿಳಿಬಣ್ಣದ ಮೋಹಕ್ಕೆ ಶರಣಾದಂತಲ್ಲವೇ? ಈ ವಾದದಲ್ಲಿ ಬಲವಿದೆ, ಆದರೆ ನಾವು ಒಪ್ಪುವುದಿಲ್ಲ. ಹೆಣ್ಣೊಬ್ಬಳು ತನ್ನ ಕಂದು ಮುಖವನ್ನು ತನ್ನದೇ ಕಂದುಬಣ್ಣದಲ್ಲಿ ಉಳಿಸಿಕೊಳ್ಳಲು ಬಯಸುವುದು ಬೇರೆ, ಮತ್ತೊಬ್ಬರ ಬಿಳಿಬಣ್ಣವನ್ನು ಬಯಸುವುದು ಬೇರೆ. ಬಸಿರಿನಲ್ಲಿ ದೇಹವೆಲ್ಲ ತನ್ನ ಹಿಡಿತ ತಪ್ಪಿ ಬದಲಾಗುತ್ತಿರುವಾಗ, ಕನ್ನಡಿಯಲ್ಲಿ ಪರಿಚಿತ ಮುಖವೊಂದನ್ನು ಕಾಣಬೇಕೆಂಬ ಆಸೆ ಕ್ಷುಲ್ಲಕವಲ್ಲ. ‘ಹುಟ್ಟುವ ಕೂಸಿನ ಯೋಚನೆ ಮಾಡು, ಮುಖದ್ದೇನು’ ಎಂದು ಗದರುವುದೂ ಒಂದು ಬಗೆಯ ಕ್ರೌರ್ಯವೇ. ಮುಖವೇಕೆ ಕಪ್ಪಾಯಿತೆಂದು ಕೇಳಿದವರೇ, ಅವಳು ಮುಖದ ಚಿಂತೆ ಮಾಡಿದರೆ ಬಿನ್ನಾಣವೆನ್ನುತ್ತಾರೆ. ಈ ಎರಡು ಗೋಡೆಗಳ ನಡುವೆ ಸಿಕ್ಕವಳಿಗೆ ಬಚ್ಚಿಟ್ಟ ಡಬ್ಬಿಯೊಂದೇ ಬಾಗಿಲಾಗಿ ಕಾಣುತ್ತದೆ.

ಆಡುವವರಲ್ಲಿ ಕೇಡಿನ ಮನಸ್ಸಿರುವುದಿಲ್ಲ ಎಂಬುದನ್ನೂ ಒಪ್ಪುತ್ತೇವೆ. ಊರಿನಿಂದ ದೂರದಲ್ಲಿ ಬಸಿರು ಹೊತ್ತ ಹುಡುಗಿಗೆ ತವರಿನ ದನಿಯಲ್ಲಿ ಮಾತನಾಡಿಸುವವರೇ ಆಸರೆ. ಚೆನ್ನೈಯಲ್ಲಿ ನಮ್ಮನ್ನು ‘ಮಂಗು’ ಎಂದು ಗುರುತಿಸಿದ ಅಜ್ಜಿ ಹಿಂದೆಯೇ, ತನ್ನ ನಾಲ್ಕು ಹೆರಿಗೆಗಳಲ್ಲೂ ಬಂದು ಹೋಯಿತೆಂದು ಹೇಳಿ ಒಂದು ಹಳೆಯ ಕೊಡೆಯನ್ನು ಕೈಗಿತ್ತಿದ್ದರು. ಅವರು ಕಂಡದ್ದೂ ಅದೇ ಕಲೆ, ಹೇಳಿದ್ದೂ ಅದರ ಹೆಸರನ್ನೇ. ಆದರೆ ಅವರ ಮಾತಿನಿಂದ ನಮಗೆ ಧೈರ್ಯ ಬಂದಿತು.

ಹಿರಿಯರ ಕಣ್ಣು ನಿಜಕ್ಕೂ ಉಪಯೋಗವಾಗಬಹುದಾದ ಕಡೆ ಬೇರೆಯೇ ಇದೆ. ಎಲ್ಲ ಕಪ್ಪೂ ಬಂಗಲ್ಲ. ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮವು ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆಯಾಗಿರಬಹುದು. ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತಪರೀಕ್ಷೆ ಮಾಡಬೇಕೆಂಬುದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರಗಳ ನಡುವೆ ಇನ್ನೊಮ್ಮೆ. ಅದು ಆಗಿದೆಯೇ ಎಂದು ಕೇಳಬಹುದು. ಬೆರಳಗೆಣ್ಣುಗಳು ಕಪ್ಪಾಗಿ ಸುಸ್ತು ಹೆಚ್ಚಾಗಿದ್ದರೆ ಬಿ 12 ಜೀವಸತ್ವದ ಕೊರತೆಯಿರಬಹುದು. ಸಸ್ಯಾಹಾರಿ ಮನೆಗಳಲ್ಲಿ ಇದು ಅಪರೂಪವಲ್ಲ. ಕೊನೆಯ ತಿಂಗಳುಗಳಲ್ಲಿ ಗುಳ್ಳೆಯಿಲ್ಲದೆ ಅಂಗೈ ಅಂಗಾಲುಗಳು ವಿಪರೀತ ತುರಿಸಿದರೆ ಅದು ಯಕೃತ್ತಿನ ತೊಂದರೆಯಿಂದಿರಬಹುದು, ಕೂಸಿಗೂ ಅಪಾಯವಾಗಬಹುದು. ಅಂದೇ ವೈದ್ಯರನ್ನು ಕಾಣಬೇಕು. ಮಚ್ಚೆಯೊಂದರ ಅಂಚು ಸೊಟ್ಟಗಾಗಿ, ಬಣ್ಣ ಹಲವಾಗಿ, ರಕ್ತ ಬಂದರೆ ತಡಮಾಡಬಾರದು. ಇವುಗಳಲ್ಲೊಂದನ್ನೂ ಆ ದಿನ ಯಾರೂ ಕೇಳಲಿಲ್ಲ. ಕೇಳಿದ್ದು ಮುಖದ ಬಣ್ಣವನ್ನು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಕವಿಗೋಷ್ಠಿಗಳನ್ನು ನಡೆಸುತ್ತವೆ. ವರ್ಷಕ್ಕೊಮ್ಮೆ ಗರ್ಭಿಣಿಯರು, ಬಾಣಂತಿಯರೊಡನೆ ಕನ್ನಡ ಬಲ್ಲ ವೈದ್ಯರೊಬ್ಬರನ್ನು ಕೂರಿಸಿ ಒಂದು ಮಧ್ಯಾಹ್ನದ ಮಾತುಕತೆಯನ್ನು ಏರ್ಪಡಿಸಿದರೆ ಸಂಘದ ಗೌರವಕ್ಕೆ ಕುಂದಾಗದು. ಪರಭಾಷೆಯ ವೈದ್ಯರೆದುರು ‘ಬಂಗು’ ಎಂಬ ಮಾತಿಗೆ ಸಮಾನ ಪದ ತೋಚದೆ ಸುಮ್ಮನೆ ಎದ್ದುಬರುವ ಹುಡುಗಿಯರು ನಮ್ಮ ನಡುವೆ ಇದ್ದಾರೆ. ಸೀಮಂತದ ತಟ್ಟೆಯಲ್ಲಿ ಬೆಳ್ಳಿಯ ಕುಂಕುಮಭರಣಿಯ ಜೊತೆಗೆ ಒಂದು ಒಳ್ಳೆಯ ಕೊಡೆಯನ್ನಿಟ್ಟರೂ ಶಾಸ್ತ್ರಕ್ಕೆ ಭಂಗವಿಲ್ಲ.

ಆ ಹುಡುಗಿಗೆ ಶ್ರಾವಣದಲ್ಲಿ ಸುಖಪ್ರಸವವಾಯಿತು. ವೈದ್ಯರು ಹೇಳಿದಂತೆ ಡಬ್ಬಿಯನ್ನು ಬಿಟ್ಟು, ಎರಡು ತಿಂಗಳ ಉರಿಯನ್ನು ಸಹಿಸಿ ಮುಗಿಸಿದ್ದಾಳೆ. ಹಣೆಯ ಮೇಲಿನದು ಮಾಸಿದೆ. ಕೆನ್ನೆಯ ಮೇಲಿನದು ಇನ್ನೂ ಇದೆ. ತೊಟ್ಟಿಲ ಶಾಸ್ತ್ರಕ್ಕೆ ನಾವೂ ಹೋಗಿದ್ದೆವು. ಅದೇ ಹಿರಿಯರು ಕೂಸಿನ ಕಿವಿಯಂಚನ್ನು ಮಡಿಸಿ ನೋಡಿ, “ಈಗ ಬೆಳ್ಳಗದ, ಮುಂದ ಯಾರ ಬಣ್ಣ ಬರ್ತದೋ” ಎಂದರು. ಹುಡುಗಿ ಈ ಬಾರಿ ತಲೆ ತಗ್ಗಿಸಲಿಲ್ಲ. “ನಮ್ಮಿಬ್ಬರದ ಯಾವದರ ಒಂದು ಬರ್ತದ್ರಿ, ಹೊರಗಿನದಂತೂ ಬರೂದಿಲ್ಲ” ಎಂದಳು. ಎಲ್ಲರೂ ನಕ್ಕರು; ಹಿರಿಯರೂ ನಕ್ಕರು. ಹೊರಡುವಾಗ ಬಿಸಿಲು ಜೋರಾಗಿತ್ತು. ಬಾಗಿಲ ಹಿಂದೆ ತೂಗುಹಾಕಿದ್ದ ತನ್ನ ಕೊಡೆಯನ್ನು ಅವಳು ಆ ಹಿರಿಯರ ಕೈಗೆ ಕೊಟ್ಟು ಕಳಿಸಿದಳು.